ಮ್ಯಾನೇಜರನ ನೆಮ್ಮದಿ ಯಾರ ಲೆಕ್ಕಕ್ಕೆ?

ಮ್ಯಾನೇಜರ್: ನಮ್ಮ ಬ್ಯಾಂಕಿನಲ್ಲಿ ಈಗ ವರ್ಷಕ್ಕೊಮ್ಮೆ ಒಂದು ಆನ್‌ಲೈನ್ ಸರ್ವೇ ಉಂಟು. ‘ನಿಮ್ಮ ಕೆಲಸದಲ್ಲಿ ನಿಮಗೆ ಎಷ್ಟು ತೃಪ್ತಿ ಇದೆ’ ಅಂತ ಕೇಳುತ್ತಾರೆ, ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಲಾಗಿನ್ ಆಗುವುದು ನಮ್ಮದೇ ಎಂಪ್ಲಾಯಿ ನಂಬರಿನಲ್ಲಿ. ನಾನು ನಾಲ್ಕು ಒತ್ತಿದೆ.

ಮೇಷ್ಟ್ರು: ಐದು ಯಾಕೆ ಒತ್ತಲಿಲ್ಲ?

ಮ್ಯಾನೇಜರ್: ಐದು ಒತ್ತಿದರೆ ಸುಳ್ಳು ಅಂತ ಎದ್ದು ಕಾಣುತ್ತದೆ ಮಾರಾಯ. ಮೂರು ಒತ್ತಿದರೆ ರೀಜನಲ್ ಆಫೀಸಿನಿಂದ ಫೋನ್. ಇಡೀ ಬ್ಯಾಂಕೇ ನಾಲ್ಕರಲ್ಲಿ ನಿಂತಿರಬೇಕು.

ಮೇಷ್ಟ್ರು: ಅಂಥ ನಾಲ್ಕುಗಳನ್ನೇ ಕೂಡಿಸಿ ಕಳೆದು ನಮ್ಮ ಮ್ಯಾನೇಜ್‌ಮೆಂಟ್ ಪಾಠಪುಸ್ತಕಗಳು ಹುಟ್ಟಿರೋದು. ಸಂತೋಷವಾಗಿರೋ ನೌಕರ ಚೆನ್ನಾಗಿ ಕೆಲಸ ಮಾಡ್ತಾನೆ ಅನ್ನೋದು ಯಾರಿಗಾದ್ರೂ ಹೊಳೆಯೋ ಮಾತು. ಶಿಕಾಗೋ ಪಕ್ಕದ ಹಾಥಾರ್ನ್ ಕಾರ್ಖಾನೆಯಲ್ಲಿ 1920ರ ದಶಕದಲ್ಲಿ ಪ್ರಯೋಗಗಳು ನಡೆದಾಗಿನಿಂದ ಅದನ್ನ ಅಳೆಯೋ ಆಸೆ ಇತ್ತು. ಅಳೆಯೋಕೆ ಹೋದಾಗ ಕೈಗೆ ಸಿಗಲಿಲ್ಲ. 1955ರಲ್ಲಿ ಬ್ರೇಫೀಲ್ಡ್, ಕ್ರಾಕೆಟ್ ಅನ್ನೋ ಇಬ್ಬರು ಅಲ್ಲಿವರೆಗಿನ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿ, ಹೇಳಿಕೊಳ್ಳುವಂಥ ಸಂಬಂಧ ಕಾಣಲ್ಲ ಅಂದ್ರು. 1985ರಲ್ಲಿ ಇಯಾಫಲ್ಡಾನೊ ಮತ್ತು ಮುಚಿನ್‌ಸ್ಕಿ ಮತ್ತೆ ಲೆಕ್ಕ ಹಾಕಿದಾಗ ತೃಪ್ತಿಗೂ ಕೆಲಸಕ್ಕೂ ಬಂದ ಸಹಸಂಬಂಧ 0.17.

ಮ್ಯಾನೇಜರ್: 0.17ರ ವರ್ಗ ಮೂರು ಪರ್ಸೆಂಟೂ ಮುಟ್ಟುವುದಿಲ್ಲವಲ್ಲ! ಒಬ್ಬನ ಕೆಲಸ ಇನ್ನೊಬ್ಬನಿಗಿಂತ ಯಾಕೆ ಚೆನ್ನಾಗಿದೆ ಅನ್ನುವುದಕ್ಕೆ ನೂರು ಪಾಲು ಕಾರಣ ಇದ್ದರೆ ತೃಪ್ತಿಯದ್ದು ಮೂರು ಪಾಲಿಗಿಂತ ಕಡಿಮೆ. ಸೇವಿಂಗ್ಸ್ ಖಾತೆಯ ಬಡ್ಡಿಯ ಹಾಗೆ, ಉಂಟು ಅಂದರೆ ಉಂಟು.

ಮೇಷ್ಟ್ರು: ಮುಂದೆ ಕೇಳು. 2001ರಲ್ಲಿ ತಿಮೊಥಿ ಜಡ್ಜ್ ಮತ್ತು ಸಂಗಡಿಗರು 312 ಮಾದರಿಗಳನ್ನ, ಅಂದ್ರೆ 54 ಸಾವಿರಕ್ಕೂ ಹೆಚ್ಚು ಜನರ ಅಂಕಿಗಳನ್ನ ಇನ್ನೊಮ್ಮೆ ಜರಡಿ ಹಿಡಿದ್ರು. ಅಳತೆಯ ದೋಷಗಳನ್ನ ಸರಿದೂಗಿಸಿದ ಮೇಲೆ 0.30 ಬಂತು. ಅದಕ್ಕಿಂತ ನನಗೆ ಮುಖ್ಯ ಅನಿಸಿದ್ದು ಅದೇ ಪ್ರಬಂಧದ ಇನ್ನೊಂದು ಮೂಲೇಲಿದೆ. ಕೆಲಸ ಜಟಿಲ ಆದಷ್ಟೂ ಆ ಅಂಕಿ ಏರುತ್ತೆ. ಅತಿ ಜಟಿಲ ಕೆಲಸಗಳಲ್ಲಿ 0.52.

ಮ್ಯಾನೇಜರ್: ನನ್ನದು ಯಾವ ಕಡೆ ಬರುತ್ತದೆ?

ಮೇಷ್ಟ್ರು: ನೀನೇ ಹೇಳು. ಯಂತ್ರ ವೇಗ ಗೊತ್ತುಮಾಡೋ ಕಡೆ ಮನುಷ್ಯನ ಮನಸ್ಥಿತಿಗೆ ಆಡೋಕೆ ಜಾಗವೇ ಇರಲ್ಲ. ನಿನ್ನ ಕೆಲಸದಲ್ಲಿ ಎಷ್ಟು ಜಾಗ ಇದೆ?

ಮ್ಯಾನೇಜರ್: ಕ್ಯಾಶ್ ಕೌಂಟರಿನಲ್ಲಿ ಟೋಕನ್ ಓಡುತ್ತಿರುತ್ತದೆ. ಮನಸ್ಸು ಹೇಗಿದ್ದರೂ ನೋಟು ಎಣಿಸಲೇಬೇಕು, ಸಂಜೆ ಟ್ಯಾಲಿ ಆಗಲೇಬೇಕು. ನನ್ನ ಚೇಂಬರಿನಲ್ಲಿ ಹಾಗಿಲ್ಲ. ಬೆಳೆಸಾಲ ರಿನ್ಯೂವಲ್ ಅಂತ ಒಬ್ಬ ರೈತ ಬಂದು ಕೂರುತ್ತಾನೆ. ಮುಖ ನೋಡಿದರೆ ಅವನು ಹೇಳಲು ಬಂದದ್ದು ಬೇರೆಯೇ ಅಂತ ಗೊತ್ತಾಗುತ್ತದೆ. ಕೆಲವು ದಿನ ಗೊತ್ತಾಗುವುದಿಲ್ಲ. ಗೊತ್ತಾಗದೆ ಹೋದ ದಿನ ನನ್ನನ್ನು ಯಾರೂ ಕೇಳುವುದಿಲ್ಲ, ಅದು ಯಾವ ರಿಪೋರ್ಟಿಗೂ ಬರುವುದಿಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಇಂಥದ್ದೇ.

ಮೇಷ್ಟ್ರು: ಹಾಗಾದ್ರೆ ನೀನು 0.52ರ ಕಡೆಯವನು.

ಮ್ಯಾನೇಜರ್: ಇರು ಇರು, ಅಷ್ಟು ಬೇಗ ನನ್ನನ್ನು ಅಲ್ಲಿ ಕೂರಿಸಬೇಡ. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಟಾರ್ಗೆಟ್ ಮುಟ್ಟಿದ ತಿಂಗಳು ನಾನು ಖುಷಿಯಾಗಿರುತ್ತೇನೆ. ಝೋನಲ್ ಮ್ಯಾನೇಜರ್ ವಿಡಿಯೋ ಕಾನ್ಫರೆನ್ಸಿನಲ್ಲಿ ನಮ್ಮ ಬ್ರಾಂಚಿನ ಹೆಸರು ಹೇಳುತ್ತಾರೆ, ರಾತ್ರಿ ನಿದ್ದೆ ಬರುತ್ತದೆ. ಕೆಲಸ ಆದದ್ದರಿಂದ ಸಂತೋಷ ಬಂದದ್ದು. ನೀನು ಬಾಲವನ್ನು ಹಿಡಿದು ತಲೆ ಅನ್ನುತ್ತಿದ್ದೀಯ.

ಮೇಷ್ಟ್ರು: ಲಾಲರ್ ಮತ್ತು ಪೋರ್ಟರ್ 1967ರಲ್ಲೇ ಈ ವಾದ ಹೂಡಿದ್ರು. ಒಳ್ಳೆ ಕೆಲಸಕ್ಕೆ ಪ್ರತಿಫಲ ಸಿಕ್ಕಿದ್ರೆ, ಆ ಪ್ರತಿಫಲ ನ್ಯಾಯ ಅನಿಸಿದ್ರೆ, ತೃಪ್ತಿ ಹಿಂದೆಯೇ ಬರುತ್ತೆ ಅಂತ. ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ನೀನು ಎರಡು ವಿಷಯ ಒಂದೇ ಗಂಟಲ್ಲಿ ಕಟ್ಟಿದೆ. ಟಾರ್ಗೆಟ್ ಮುಟ್ಟಿದ ಖುಷಿ ಬೇರೆ, ರಾತ್ರಿ ನಿದ್ದೆ ಬರೋದು ಬೇರೆ. ಮೊದಲನೇದು ನಿನ್ನ ಕುರ್ಚಿಯ ಬಗ್ಗೆ ನಿನಗಿರೋ ಅಭಿಪ್ರಾಯ, ಅದು ತೃಪ್ತಿ. ಎರಡನೇದು ನಿನ್ನ ಇಡೀ ಬದುಕಿನ ಸ್ಥಿತಿ, ಅದು ನೆಮ್ಮದಿ. ಅದರೊಳಗೆ ಮಂಗಳೂರಲ್ಲಿರೋ ಹೆಂಡ್ತಿ ಮಕ್ಕಳೂ ಇದ್ದಾರೆ, ನಿನ್ನ ಅಮ್ಮನ ಮೊಣಕಾಲೂ ಇದೆ, ಹಾವೇರಿ ಕಡೆ ಬಾಡಿಗೆ ರೂಮಲ್ಲಿ ನೀನು ಒಬ್ಬನೇ ಮಾಡ್ಕೊಳ್ಳೋ ಅನ್ನ ಸಾರೂ ಇದೆ.

ಮ್ಯಾನೇಜರ್: ಸಾರು ಮಾಡುವುದು ಬಿಟ್ಟಿದ್ದೇನೆ. ಮೆಸ್ಸಿನಲ್ಲಿ ರೊಟ್ಟಿ.

ಮೇಷ್ಟ್ರು: ಈ ಎರಡನ್ನೂ ಬಿಡಿಸಿ ಅಳೆದವರು ಇದ್ದಾರೆ. ಥಾಮಸ್ ರೈಟ್, ರಸೆಲ್ ಕ್ರೊಪನ್‌ಜಾನೊ. 2000ದಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸದ ಗುಣಮಟ್ಟವನ್ನ ಮುಂಚೆಯೇ ಸೂಚಿಸಿದ್ದು ನೆಮ್ಮದಿಯೇ ಹೊರತು ತೃಪ್ತಿ ಅಲ್ಲ. 2007ರಲ್ಲಿ ಡಗ್ಲಸ್ ಬೊನೆಟ್ ಜೊತೆ ಸೇರಿ ಮ್ಯಾನೇಜರ್‌ಗಳನ್ನೇ ಹಿಡಿದ್ರು. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ದೊಡ್ಡ ಗ್ರಾಹಕ ಸೇವಾ ಸಂಸ್ಥೆ, 109 ಮ್ಯಾನೇಜರ್‌ಗಳು. ಈ ಸಲ ಎರಡಕ್ಕೂ ಕೆಲಸದ ಜೊತೆ ನಂಟು ಕಾಣಿಸ್ತು. ಆದ್ರೆ ತೃಪ್ತಿ ಎಷ್ಟು ಕೆಲಸಕ್ಕೆ ಬರುತ್ತೆ ಅನ್ನೋದು ನೆಮ್ಮದಿಯ ಮೇಲೆ ನಿಂತಿತ್ತು. ಎರಡೂ ಚೆನ್ನಾಗಿದ್ದವರ ಕೆಲಸ ಎಲ್ಲರಿಗಿಂತ ಮೇಲಿತ್ತು.

ಮ್ಯಾನೇಜರ್: ಅಂದರೆ ಹುದ್ದೆ ಇಷ್ಟ, ಸಂಬಳ ಇಷ್ಟ, ಆದರೆ ಮನುಷ್ಯ ಒಳಗಿಂದ ಬತ್ತಿಹೋಗಿದ್ದಾನೆ ಅಂತಾದರೆ?

ಮೇಷ್ಟ್ರು: ಆ ಇಷ್ಟದಿಂದ ಹೆಚ್ಚೇನೂ ಹುಟ್ಟಲ್ಲ. ನೀನು ಒತ್ತಿದ ನಾಲ್ಕು ನಿಜವೇ ಆಗಿದ್ರೂ ನಿನ್ನ ಬ್ಯಾಂಕಿಗೆ ಅದರಿಂದ ಪ್ರಯೋಜನ ಕಡಿಮೆ. ಕೆಲಸ ಬಿಟ್ಟುಹೋಗೋದರ ಬಗ್ಗೆಯೂ ರೈಟ್ ಮತ್ತು ಬೊನೆಟ್ ಹೀಗೇ ಮ್ಯಾನೇಜರ್‌ಗಳ ಮೇಲೆ ಒಂದು ಅಧ್ಯಯನ ಮಾಡಿದ್ರು. ಕೆಲಸ ಇಷ್ಟ ಇಲ್ಲ ಅಂತ ಜನ ಬಿಟ್ಟುಹೋಗೋದು ನೆಮ್ಮದಿ ತೀರಾ ತಳ ಕಂಡಾಗಲೇ ಹೆಚ್ಚು. ಬದುಕು ಗಟ್ಟಿಯಾಗಿದ್ದವರು ಬೇಸರದ ಕೆಲಸವನ್ನೂ ಸಹಿಸ್ಕೊಂಡು ಇರ್ತಾರೆ.

ಮ್ಯಾನೇಜರ್: ಸರಿ. ಆದರೆ ಆ 109 ಜನರ ಕೆಲಸ ಚೆನ್ನಾಗಿದೆ ಅಂತ ಹೇಳಿದವರು ಯಾರು?

ಮೇಷ್ಟ್ರು: ಅವರ ಮೇಲಧಿಕಾರಿಗಳು ಕೊಟ್ಟ ರೇಟಿಂಗ್.

ಮ್ಯಾನೇಜರ್: ಅಷ್ಟೇ ಬೇಕಾದದ್ದು! ಇಪ್ಪತ್ತು ಚಿಲ್ಲರೆ ವರ್ಷ ಅಪ್ರೈಸಲ್ ಬರೆದು, ಬರೆಸಿಕೊಂಡು ಬಂದವನು ನಾನು. ನಗುನಗುತ್ತ ಬರುವ ಆಫೀಸರನಿಗೆ ಎರಡು ಅಂಕ ಹೆಚ್ಚು ಬೀಳುತ್ತದೆ, ನಾನು ಬೇಡ ಅಂದುಕೊಂಡರೂ ಬೀಳುತ್ತದೆ. ಮುಖ ಗಂಟಿಕ್ಕಿಕೊಂಡು ಕೂತವನು ಎನ್‌ಪಿಎ ವಸೂಲಿಯಲ್ಲಿ ಎಷ್ಟೇ ಗಟ್ಟಿಗನಾದರೂ ‘ಆಟಿಟ್ಯೂಡ್ ಸರಿ ಇಲ್ಲ’ ಅನ್ನುತ್ತಾರೆ. ಆ ಸಂಶೋಧಕರು ಅಳೆದದ್ದು ಸಂತೋಷವನ್ನೂ ಕೆಲಸವನ್ನೂ ಅಲ್ಲ. ಸಂತೋಷವನ್ನೂ, ಸಂತೋಷ ಕಂಡ ಬಾಸಿನ ಸಂತೋಷವನ್ನೂ.

ಮೇಷ್ಟ್ರು: ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳ ರೇಟಿಂಗ್ ನೋಡಿ ಇದನ್ನೇ ಹಿಡಿದುಕೊಟ್ಟ. ಒಂದು ಗುಣ ಮೆಚ್ಚಿಗೆಯಾದ್ರೆ ಮಿಕ್ಕ ಗುಣಗಳೂ ಒಳ್ಳೆಯವಾಗೇ ಕಾಣ್ತವೆ. ನಿನ್ನ ಆಕ್ಷೇಪ ಗಟ್ಟಿಯಾಗಿದೆ, ಅದಕ್ಕೆ ಪೂರ್ತಿ ಉತ್ತರ ಈ ಅಧ್ಯಯನದೊಳಗೆ ಇಲ್ಲ. ಹೊರಗೆ ಹುಡುಕಬೇಕು. ಬ್ರಿಟಿಷ್ ಟೆಲಿಕಾಂನ ಕಾಲ್ ಸೆಂಟರ್‌ಗಳಲ್ಲಿ ಬೆಲ್ಲೆ, ಡೆ ನೆವ್, ವಾರ್ಡ್ ಅನ್ನೋ ಮೂವರು ಆರು ತಿಂಗಳು ವಾರವಾರವೂ ಮಾರಾಟಗಾರರನ್ನ ‘ಈ ವಾರ ಹೇಗಿದ್ದಿರಿ’ ಅಂತ ಕೇಳಿದ್ರು. ಇಲ್ಲಿ ಬಾಸಿನ ಅಭಿಪ್ರಾಯ ಇಲ್ಲ, ಎಷ್ಟು ಮಾರಾಟ ಆಯ್ತು ಅನ್ನೋ ಲೆಕ್ಕ ಕಂಪ್ಯೂಟರಲ್ಲೇ ಬೀಳುತ್ತೆ. ಒಬ್ಬನನ್ನ ಇನ್ನೊಬ್ಬನ ಜೊತೆ ಅಲ್ಲ, ಅವನನ್ನ ಅವನ ಬೇರೆ ವಾರಗಳ ಜೊತೆಯೇ ಹೋಲಿಸಿದ್ರು. ಖುಷಿಯ ವಾರಗಳಲ್ಲಿ ಮಾರಾಟ ಹೆಚ್ಚು.

ಮ್ಯಾನೇಜರ್: ಮಾರಾಟ ಹೆಚ್ಚಾದದ್ದಕ್ಕೇ ಖುಷಿಯಾಗಿರಬಹುದು. ನನ್ನ ಹಳೆಯ ಪ್ರಶ್ನೆ.

ಮೇಷ್ಟ್ರು: ಅವರಿಗೂ ಅದೇ ಅನುಮಾನ. ಅದಕ್ಕೆ ಹವಾಮಾನ ಬಳಸ್ಕೊಂಡ್ರು. ಮೋಡ ಕವಿದ ಬ್ರಿಟಿಷ್ ಹವೆ ಗೊತ್ತಲ್ಲ, ಕಿಟಕಿ ಹೆಚ್ಚಿರೋ ಕಟ್ಟಡದೊಳಗೆ ಅದು ಮನಸ್ಸಿಗೆ ತಟ್ಟುತ್ತೆ. ಯಾರ ಮಾರಾಟವೂ ಮೋಡ ತರಿಸಲ್ಲ. ಹೀಗೆ ಮೋಡದಿಂದ ಮಂಕಾದ ವಾರಗಳಲ್ಲೂ ಮಾರಾಟ ಇಳಿದಿತ್ತು. ಇನ್ನೊಂದು ನಿನಗೆ ಇಷ್ಟ ಆಗೋ ಅಂಶ, ಖುಷಿಯಾಗಿದ್ದವರು ಹೆಚ್ಚು ಗಂಟೆ ಕೂತಿರಲಿಲ್ಲ. ಅಷ್ಟೇ ಗಂಟೇಲಿ ಹೆಚ್ಚು ಕರೆಗಳನ್ನ ಮಾರಾಟವಾಗಿಸಿದ್ರು.

ಮ್ಯಾನೇಜರ್: ಇದನ್ನು ಯಾರಾದರೂ ನಾರಾಯಣ ಮೂರ್ತಿಯವರಿಗೆ ತಲುಪಿಸಿ. 2023ರಲ್ಲಿ ಅವರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು, ಭಾನುವಾರ ಮನೆಯಲ್ಲಿ ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತ ಬೇರೆ ಕೇಳಿದರು. ನನಗೆ ನೋಡಲು ಸಿಗುವುದೇ ಎರಡನೇ ಮತ್ತು ನಾಲ್ಕನೇ ಶನಿವಾರ.

ಮೇಷ್ಟ್ರು: ಕಾಲ್ ಸೆಂಟರ್ ಹುಡುಗರು ಮ್ಯಾನೇಜರ್‌ಗಳಲ್ಲ ಅಂತ ನೀನು ಇನ್ನೂ ಹೇಳಿಲ್ಲ, ಅದಕ್ಕೆ ಮುಂಚೆ ನಾನೇ ಬೆಂಗಳೂರಿಗೆ ಬರ್ತೀನಿ. ಇಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾಧಮ್ ಅನ್ನೋ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹೊಗೆ ಧೂಳಿನ ಗಾಳಿ ಹೆಚ್ಚಾದ ಹೊತ್ತಲ್ಲಿ ಹೊಲಿಗೆ ಲೈನಿನ ಪ್ರೊಡಕ್ಷನ್ ಬೀಳುತ್ತೆ. ಎಲ್ಲ ಹೆಣ್ಣುಮಕ್ಕಳ ಕೈಯೂ ಒಂದೇ ಸಮ ನಿಧಾನ ಆಗಲ್ಲ, ಕೆಲವರಿಗೆ ಬೇಗ ತಟ್ಟುತ್ತೆ. ಒಳ್ಳೆ ಸೂಪರ್‌ವೈಸರ್ ಅದನ್ನ ಗಮನಿಸಿ, ಕಾಲರ್ ಕೂರಿಸ್ತಿದ್ದವಳನ್ನ ಸುಲಭದ ಹೊಲಿಗೆಗೆ ಕಳಿಸಿ, ಅವಳ ಜಾಗಕ್ಕೆ ಇನ್ನೊಬ್ಬಳನ್ನ ತರ್ತಾನೆ. ಅಂಥವರ ಲೈನಲ್ಲಿ ನಷ್ಟ ಕಡಿಮೆ. 2022ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಾಲರಿನ ಉದಾಹರಣೆ ಮಾತ್ರ ನನ್ನದು.

ಮ್ಯಾನೇಜರ್: ಇದು ಚೆನ್ನಾಗಿದೆ. ಆ ಸೂಪರ್‌ವೈಸರನಿಗೆ ಗಾಳಿಯ ಧೂಳನ್ನು ಅಳೆಯುವ ಪಿಎಂ 2.5 ಅಂದರೆ ಎಂಥದು ಅಂತ ಗೊತ್ತಿರಲಿಕ್ಕಿಲ್ಲ. ಅವಳ ಕೈ ಇವತ್ತು ಯಾಕೋ ಓಡುತ್ತಿಲ್ಲ ಅಂತ ಮಾತ್ರ ಗೊತ್ತು.

ಮೇಷ್ಟ್ರು: ಹೌದು. ಅದೇ ತಂಡದವರು ಲೈನ್ ಸೂಪರ್‌ವೈಸರ್‌ಗಳ ಗುಣಗಳನ್ನ ಬಿಡಿಬಿಡಿಯಾಗಿ ನೋಡಿದಾಗ, ಪ್ರೊಡಕ್ಷನ್ನಿಗೆ ಲೆಕ್ಕಕ್ಕೆ ಬಂದ ಗುಣಗಳಲ್ಲಿ ಜನರ ಮೇಲಿನ ಗಮನ ಮುಖ್ಯವಾದದ್ದಾಗಿತ್ತು. ಸಂಬಳದ ಚೀಟಿಯಲ್ಲಿ ಮಾತ್ರ ಆ ಗುಣಕ್ಕೆ ತಕ್ಕ ಬೆಲೆ ಇರಲಿಲ್ಲ.

ಮ್ಯಾನೇಜರ್: ಇರುವುದು ಹೇಗೆ? ಗಮನ ಕೊಟ್ಟದ್ದರಿಂದ ತಪ್ಪಿದ ನಷ್ಟಕ್ಕೆ ವೋಚರ್ ಇಲ್ಲ. ಆದರೆ ನೀನು ಒಂದು ಸೇತುವೆ ಕಟ್ಟದೆ ಹಾರಿದೆ. ಗಮನಕ್ಕೂ ನೆಮ್ಮದಿಗೂ ಏನು ಸಂಬಂಧ? ನನ್ನ ಮೊದಲ ಬ್ರಾಂಚಿನ ಮ್ಯಾನೇಜರ್ ಒಬ್ಬರಿದ್ದರು. ಮನೆಯಲ್ಲಿ ಕಷ್ಟ, ಮೈಯಲ್ಲಿ ಶುಗರ್, ಬಾಯಲ್ಲಿ ಬೈಗುಳ. ಆದರೆ ಯಾವ ಲೆಡ್ಜರಿನಲ್ಲಿ ಯಾವ ಸಹಿ ತಪ್ಪಿದೆ ಅಂತ ದೂರದಿಂದಲೇ ಹೇಳುತ್ತಿದ್ದರು. ದುಃಖಿ ಮನುಷ್ಯ ಎಚ್ಚರದ ಮನುಷ್ಯ ಅಂತ ನಾನು ನಂಬಿದ್ದೇನೆ.

ಮೇಷ್ಟ್ರು: ನಿನ್ನ ಹಾಗೆ ನಂಬಿದವರು ಇದ್ರು. ಬ್ಯಾರಿ ಸ್ಟಾ, ಸಿಗಲ್ ಬಾರ್ಸೇಡ್ 1993ರಲ್ಲಿ ಅದನ್ನೇ ಪರೀಕ್ಷೆಗೆ ಇಟ್ರು. ಎಂಬಿಎ ವಿದ್ಯಾರ್ಥಿಗಳಿಗೆ ಮ್ಯಾನೇಜರ್ ಕೆಲಸದ ಅಣಕು ಪರಿಸ್ಥಿತಿಗಳನ್ನ ಕೊಟ್ಟು, ನಿರ್ಧಾರಗಳನ್ನ ತೂಗಿ ನೋಡಿದ್ರು. ಸಂತೋಷದ ಸ್ವಭಾವದವರು ಮೈಮರೆತು ಅವಸರ ಮಾಡ್ತಾರೆ ಅನ್ನೋ ಊಹೆ ನಿಲ್ಲಲಿಲ್ಲ. ಅವರೇ ಹೆಚ್ಚು ಮಾಹಿತಿ ಬಳಸಿದ್ರು, ಅವರ ನಿರ್ಧಾರಗಳೇ ಹೆಚ್ಚು ಕರಾರುವಾಕ್ಕಾಗಿದ್ವು. ನಿನ್ನ ಮೊದಲ ಮ್ಯಾನೇಜರ್ ಬಗ್ಗೆ ಒಂದು ಕೇಳ್ತೀನಿ. ಸಹಿ ತಪ್ಪಿದ್ದು ಅವರ ಕಣ್ಣಿಗೆ ಬೀಳ್ತಿತ್ತು, ಸರಿ. ಅವರ ಕೈಕೆಳಗಿನ ಕ್ಲರ್ಕ್ ಒಬ್ಬ ತಪ್ಪು ಮಾಡಿದಾಗ ತಾನಾಗಿ ಹೋಗಿ ಅವರ ಹತ್ತಿರ ಹೇಳ್ಕೊಳ್ತಿದ್ನಾ?

ಮ್ಯಾನೇಜರ್: ಇಲ್ಲ. ಮುಚ್ಚಿಡುತ್ತಿದ್ದೆವು. ಅವರು ರಜೆಯಲ್ಲಿದ್ದ ದಿನ ಸರಿಮಾಡುತ್ತಿದ್ದೆವು.

ಮೇಷ್ಟ್ರು: ಕಾಗದ ಓದೋ ಎಚ್ಚರ ಒಂದು, ಜನ ಬಂದು ಬಾಯಿಬಿಡೋ ಹಾಗೆ ಕೂತಿರೋದು ಇನ್ನೊಂದು. ಮ್ಯಾನೇಜರ್ ಕೆಲಸ ಈಗ ಹೆಚ್ಚಾಗಿ ಎರಡನೇದು. ಕಾಗದ ಓದೋಕೆ ಸಿಸ್ಟಂ ಇದೆ.

ಮ್ಯಾನೇಜರ್: ನಮ್ಮ ಕರಾವಳಿಯವರು ಬ್ಯಾಂಕಿಂಗ್ ಶುರುಮಾಡಿದ್ದೇ ಹಾಗೆ ಅಂತ ನಮಗೊಂದು ಹೆಮ್ಮೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ತೆರೆದಾಗ ಏಜೆಂಟ್ ಮನೆಮನೆಗೆ ಹೋಗಿ ಎರಡಾಣೆ ತರುತ್ತಿದ್ದ. ಎರಡಾಣೆಯ ಜೊತೆಗೆ ಊರಿನ ಸುದ್ದಿಯೂ ಬ್ಯಾಂಕಿಗೆ ಬರುತ್ತಿತ್ತು. ಆ ಬ್ಯಾಂಕೇ 2020ರಲ್ಲಿ ಕೆನರಾದೊಳಗೆ ಸೇರಿತು.

ಮೇಷ್ಟ್ರು: ಆ ಏಜೆಂಟನ ಕಾಲು ಎಷ್ಟು ಸವೆದಿತ್ತು ಅಂತ ಯಾರೂ ಸರ್ವೇ ಮಾಡಲಿಲ್ಲ. ಹಳೇ ಕಾಲ ನೆಮ್ಮದಿಯ ಕಾಲ ಅಂತ ಹೊರಟರೆ ನಾನು ಎದ್ದುಹೋಗ್ತೀನಿ.

ಮ್ಯಾನೇಜರ್: ಹಾಗೆ ಹೇಳುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ಆಗ ಮ್ಯಾನೇಜರನ ಪೆನ್ನಿನಲ್ಲಿ ಸ್ಯಾಂಕ್ಷನ್ ಇತ್ತು. ಈಗ ಅರ್ಜಿ ನಾನು ತೆಗೆದುಕೊಳ್ಳುತ್ತೇನೆ, ತೀರ್ಮಾನ ಪ್ರೊಸೆಸಿಂಗ್ ಹಬ್ಬಿನದ್ದು. ಸಾಲ ಕೆಟ್ಟರೆ ಮೆಮೋ ನನ್ನ ಹೆಸರಿಗೆ. ಇನ್ಶೂರೆನ್ಸ್ ಪಾಲಿಸಿ ಇಷ್ಟು ಮಾರಬೇಕು ಅಂತ ಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತದೆ, ಸಂಜೆ ಆರಕ್ಕೆ ‘ನಿಲ್’ ಆದವರ ಪಟ್ಟಿ ಅದೇ ಗ್ರೂಪಿನಲ್ಲಿ. ಪಿಂಚಣಿ ತೆಗೆದುಕೊಳ್ಳಲು ಬಂದ ಅಜ್ಜಿಗೆ ಪಾಲಿಸಿ ಮಾರಬೇಕಾ ಬೇಡವಾ ಅಂತ ಯೋಚಿಸಲು ಆರು ಗಂಟೆಯವರೆಗೆ ಸಮಯ.

ಮೇಷ್ಟ್ರು: ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇದೆಯಲ್ಲ, ಅದರಲ್ಲಿ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ದೊಡ್ಡ ಸಾಹೇಬರಲ್ಲ, ಕೆಳಗಿನ ದರ್ಜೆಯವರು. ಆಮೇಲಿನ ಎರಡನೇ ಸುತ್ತಲ್ಲಿ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಇಲ್ಲದೆ ಇರೋದು ಅದಕ್ಕೊಂದು ಕಾರಣ ಅಂತ ಕಂಡ್ರು. ನಿನಗೆ ಸಾಹೇಬನ ಬೋರ್ಡು ಇದೆ, ಹಿಡಿತ ಕೆಳಗಿನವನದ್ದು. ಗ್ಯಾಲಪ್ ಸಂಸ್ಥೆಯ 2025ರ ಜಾಗತಿಕ ವರದೀಲಿ ಕೆಲಸದಲ್ಲಿ ಮನಸ್ಸಿಟ್ಟಿರೋ ಮ್ಯಾನೇಜರ್‌ಗಳ ಪಾಲು ಒಂದೇ ವರ್ಷದಲ್ಲಿ 30ರಿಂದ 27 ಪರ್ಸೆಂಟಿಗೆ ಇಳಿದಿದೆ.

ಮ್ಯಾನೇಜರ್: ಅದಕ್ಕೆ ನಮ್ಮವರು ಯೋಗ ಶಿಬಿರ ಇಟ್ಟರು. ಭಾನುವಾರ ಬೆಳಗ್ಗೆ, ಹಾಜರಿ ಕಡ್ಡಾಯ, ಫೋಟೋ ಗ್ರೂಪಿಗೆ ಹಾಕಬೇಕು.

ಮೇಷ್ಟ್ರು: ಬಳಲಿ ಬರಿದಾಗೋದನ್ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಸೇರಿಸಿದಾಗ ಅದನ್ನ ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟೋ ಸ್ಥಿತಿ ಅಂತು. ಹುಟ್ಟಿಸೋ ಜಾಗ ಹಾಗೇ ಇಟ್ಟು ಉಸಿರಾಟ ಕಲಿಸಿದ್ರೆ ಏನು ಬಂತು? ನಿಜವಾಗಿ ಬಿಡುವು ಸಿಕ್ಕಿದ್ದು ಯಾವಾಗ ನಿನಗೆ?

ಮ್ಯಾನೇಜರ್: ನಗಬೇಡ. ಬ್ಯಾಂಕು ನನ್ನನ್ನು ಕಳ್ಳ ಅಂತ ಅನುಮಾನಿಸಿದಾಗ.

ಮೇಷ್ಟ್ರು: ಏನು ಹಾಗಂದ್ರೆ?

ಮ್ಯಾನೇಜರ್: ನನ್ನೊಬ್ಬನನ್ನು ಅಲ್ಲ, ಎಲ್ಲರನ್ನೂ. 2021ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಸೂಕ್ಷ್ಮ ಜಾಗಗಳಲ್ಲಿ ಕೂತವರನ್ನು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆಗೆ ಕಳಿಸಬೇಕು, ಅದೂ ಮುಂಚೆ ಹೇಳದೆ. ಆ ದಿನಗಳಲ್ಲಿ ಬ್ಯಾಂಕಿನ ಇಮೇಲ್ ಬಿಟ್ಟು ಯಾವ ಸಿಸ್ಟಮ್ಮೂ ತೆರೆಯಬಾರದು. ಉದ್ದೇಶ ನಮ್ಮ ಆರೋಗ್ಯ ಅಲ್ಲ ಮಾರಾಯ, ವಂಚನೆ ಹಿಡಿಯುವುದು. ಮನುಷ್ಯ ಕುರ್ಚಿಯಿಂದ ಎದ್ದರೆ ಅವನು ಮುಚ್ಚಿಟ್ಟದ್ದು ಹೊರಗೆ ಬರುತ್ತದೆ ಅಂತ ಲೆಕ್ಕ. ಒಂದು ದಿನ ಬೆಳಗ್ಗೆ ಮೇಲ್ ಬಂತು, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಲಾಗಿನ್ ಇಲ್ಲದ ಮೇಲೆ ಗ್ರೂಪಿನವರು ಕೇಳಿದರೂ ಕೊಡಲು ನನ್ನ ಹತ್ತಿರ ಏನಿದೆ? ಮಧ್ಯಾಹ್ನ ಗಂಜಿ ಉಂಡು ಮಲಗುತ್ತಿದ್ದೆ. ಮಗಳ ಲೆಕ್ಕದ ಪುಸ್ತಕ ನೋಡಿದೆ.

ಮೇಷ್ಟ್ರು: ತಿರುಗಿ ಹೋದ ಮೇಲೆ?

ಮ್ಯಾನೇಜರ್: ಅದನ್ನೇ ಹೇಳಹೊರಟದ್ದು. ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕ್ಯಾಶ್ ಕ್ರೆಡಿಟ್ ಖಾತೆ ಉಂಟು, ಕೋಲ್ಡ್ ಸ್ಟೋರೇಜಿನ ದಾಸ್ತಾನಿನ ಮೇಲೆ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಬರುತ್ತದೆ, ಡ್ರಾಯಿಂಗ್ ಪವರ್, ಅಂದರೆ ಆ ದಾಸ್ತಾನಿನ ಮೇಲೆ ಎಷ್ಟು ಸಾಲ ತೆಗೆಯಬಹುದು ಅಂತ, ಲೆಕ್ಕ ಹಾಕಿ ಸಹಿ ಮಾಡುವುದು. ಮೊದಲ ದಿನ ಆ ಹಾಳೆ ಕೈಗೆ ಬಂದಾಗ, ಇದೇ ಚೀಲದ ಸಂಖ್ಯೆಯನ್ನು ಹಿಂದಿನ ತಿಂಗಳೂ ಕಂಡ ಹಾಗಿದೆಯಲ್ಲ ಅನಿಸಿತು. ತೆಗೆಸಿ ನೋಡಿದರೆ ಅದರ ಹಿಂದಿನ ತಿಂಗಳೂ ಅದೇ. ಸೀಸನ್ ಮುಗಿದು ಮಾಲು ಹೊರಗೆ ಹೋಗಬೇಕಾದ ಕಾಲ. ಮಾರ್ಕೆಟ್ಟಿನಲ್ಲಿ ಬೆಲೆ ಬಿದ್ದಿದೆ, ಹಾಳೆಯಲ್ಲಿ ಹಳೆಯ ಬೆಲೆಯೇ ಉಂಟು. ಸ್ಕೂಟರ್ ತೆಗೆದುಕೊಂಡು ಕೋಲ್ಡ್ ಸ್ಟೋರೇಜಿಗೆ ಹೋದೆ. ಚೀಲ ಎಣಿಕೆ ಮಾಡಿಸಿದೆ. ಬರೆದದ್ದಕ್ಕಿಂತ ಬಹಳ ಕಡಿಮೆ ಇತ್ತು. ಡ್ರಾಯಿಂಗ್ ಪವರ್ ಇಳಿಸಿದೆ, ಅವರು ಮುನಿಸಿಕೊಂಡು ಬೇರೆ ಬ್ಯಾಂಕಿಗೆ ಹೋದರು.

ಮೇಷ್ಟ್ರು: ಆ ವರ್ಷದ ಅಪ್ರೈಸಲ್?

ಮ್ಯಾನೇಜರ್: ದೊಡ್ಡ ಖಾತೆ ಹೋಯಿತಲ್ಲ, ಅಡ್ವಾನ್ಸ್ ಟಾರ್ಗೆಟ್ಟಿನಲ್ಲಿ ಹಿಂದೆ ಬಿದ್ದೆ. ಬಿಸಿನೆಸ್ ಉಳಿಸಿಕೊಳ್ಳುವುದರಲ್ಲಿ ಸುಧಾರಣೆ ಬೇಕು ಅಂತ ಬರೆದರು. ಹಿಂದಿನ ವರ್ಷಕ್ಕಿಂತ ರೇಟಿಂಗ್ ಒಂದು ಮೆಟ್ಟಿಲು ಕೆಳಗೆ.

ಮೇಷ್ಟ್ರು: ಅಂದ್ರೆ ರೈಟ್ ಅವರ 109 ಜನರ ಜೊತೆ ನಿನ್ನನ್ನೂ ಸೇರಿಸಿದ್ದಿದ್ರೆ, ನೆಮ್ಮದಿ ಏರಿ ಕೆಲಸ ಇಳಿದ ಮನುಷ್ಯ ಅಂತ ನಿನ್ನ ಚುಕ್ಕಿ ಬೀಳ್ತಿತ್ತು. ಅವರ ಸಿದ್ಧಾಂತಕ್ಕೆ ವಿರುದ್ಧ ಸಾಕ್ಷಿ.

ಮ್ಯಾನೇಜರ್: ಬೀಳಲಿ. ನೂರ ಹತ್ತನೆಯವನು ಅಂತ ಹಾಕಿಕೋ. ಪಕ್ಕದಲ್ಲಿ ಆ ಚೀಲಗಳ ಲೆಕ್ಕವನ್ನೂ ಬರೆ.